ಬೂಸಾ ನೆನಪಿದೆ, ಬುಟ್ಟಿ ಮರೆತಿದೆ

ಬಿ. ಬಸವಲಿಂಗಪ್ಪನವರ ಹೆಸರೆತ್ತಿದರೆ ಸಾಕು, ಜನ ಕೇಳೋದು ಒಂದೇ ಮಾತು: "ಅದೇ, ಬೂಸಾ ಅಂದೋರಲ್ವಾ?" ನಮ್ಮ ಹಾಸ್ಟೆಲ್ ಹುಡುಗರೂ ಹೀಗೇ ಕೇಳ್ತಾರೆ. ಸ್ವಲ್ಪ ಓದಿಕೊಂಡವರು "ಒಳ್ಳೇ ಮನುಷ್ಯ, ಆದರೆ ಬಾಯಿ ಹಿಡಿತದಲ್ಲಿರಲಿಲ್ಲ" ಅಂತ ತೀರ್ಪು ಕೊಟ್ಟು ಮಗ್ಗಲು ಬದಲಿಸ್ತಾರೆ. ಇದನ್ನೇ ನಾಡಿನ ಜನಾಭಿಪ್ರಾಯ ಅಂತ ಕರೆಯೋದು. ನಾವು ಕೇಳಬೇಕಾದ್ದು ಇಷ್ಟೇ: ಈ ಅಭಿಪ್ರಾಯ ಯಾವ ಜನರದು? ಅದು ನಮ್ಮ ಬಾಯಿಗೆ ಹೇಗೆ ಬಂತು?

ನಡೆದದ್ದನ್ನು ಮೊದಲು ನೆನೆಯೋಣ. 1973ರ ನವೆಂಬರ್. ದೇವರಾಜ ಅರಸರ ಸರ್ಕಾರದಲ್ಲಿ ಬಸವಲಿಂಗಪ್ಪ ಪೌರಾಡಳಿತ ಮಂತ್ರಿ. ಮೈಸೂರಿನ ಸಭೆಯೊಂದರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ, ಲೋಕಜ್ಞಾನ ಬೇಕಾದರೆ ಇಂಗ್ಲಿಷ್ ಕಲಿಯಿರಿ ಎಂಬರ್ಥದ ಮಾತಾಡಿದರು. ಮೈಸೂರು, ಬೆಂಗಳೂರು ಹೊತ್ತಿ ಉರಿದವು. ಕಾಲೇಜುಗಳಿಂದ ಮೆರವಣಿಗೆ ಹೊರಟವು. ಶಾಸನಸಭೆಯಲ್ಲಿ ಗದ್ದಲವೆದ್ದಿತು. ಕನ್ನಡದ ಮಾನ ಕಾಯಲು ಹೊರಟವರು ದಲಿತ ವಿದ್ಯಾರ್ಥಿಗಳನ್ನು ಹುಡುಕಿ ಹುಡುಕಿ ಹೊಡೆದರು, ಹಾಸ್ಟೆಲ್ಲುಗಳ ಮೇಲೆ ಬಿದ್ದರು. ಕಡೆಗೆ ಮಂತ್ರಿ ರಾಜೀನಾಮೆ ಕೊಟ್ಟರು. ಕನ್ನಡದ ಬಹುದೊಡ್ಡ ಕವಿ ಕುವೆಂಪು ಬಸವಲಿಂಗಪ್ಪನವರ ಪರ ನಿಂತರು. ಆ ಮಾತನ್ನೂ ಗದ್ದಲ ಮಾಡುವವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಬೂಸಾ ಅನ್ನೋದು ನಮಗೆ ಬೈಗುಳವಾಗಿ ಕೇಳಿಸೋದೇ ಇಲ್ಲ. ಒಡೆಯರ ಕೊಟ್ಟಿಗೆಯಲ್ಲಿ ಜೀತಕ್ಕಿದ್ದವರ ಮಕ್ಕಳು, ಮೊಮ್ಮಕ್ಕಳು ನಾವು. ಬೂಸಾ ಕಲಸಿ ಹಸುವಿನ ಮುಂದಿಟ್ಟ ಕೈ ನಮ್ಮವರದು. ಹಸು ಅದನ್ನು ತಿಂದು ಹಾಲು ಕೊಡುತ್ತಿತ್ತು. ಆ ಹಾಲು ಮಾತ್ರ ನಮ್ಮ ಕೇರಿಗೆ ಬರುತ್ತಿರಲಿಲ್ಲ. ಸಾಹಿತ್ಯದ ಕಥೆಯೂ ಹಾಗೇ ಇತ್ತು. ನಮ್ಮವ್ವನ ಹಸಿವು, ನಮ್ಮಪ್ಪನ ಬೆನ್ನಿನ ಬರೆ ಎಷ್ಟು ಪುಸ್ತಕದಲ್ಲಿತ್ತು? ಕನ್ನಡ ಸಾಹಿತ್ಯದಲ್ಲಿ ಜೊಳ್ಳೇ ಹೆಚ್ಚು ಅಂತ ದೊಡ್ಡ ಜಾತಿಯ ವಿಮರ್ಶಕರೂ ಬರೆದುಕೊಂಡಿದ್ದಾರೆ. ಅವರ ಮನೆಗೆ ಯಾರೂ ಕಲ್ಲು ತೂರಲಿಲ್ಲ. ಅದು ವಿಮರ್ಶೆ ಅನ್ನಿಸಿಕೊಂಡಿತು. ಕೇರಿಯಿಂದ ಬಂದವನು ಅದನ್ನೇ ಅಂದರೆ ದ್ರೋಹವಾಯಿತು.

ಈಗ ಬುಟ್ಟಿಯ ಮಾತಿಗೆ ಬರೋಣ. ಇದೇ ಬಸವಲಿಂಗಪ್ಪ, ಇದೇ ಪೌರಾಡಳಿತ ಖಾತೆಯಲ್ಲಿದ್ದಾಗ, ತಲೆಯ ಮೇಲೆ ಮಲ ಹೊರುವ ಪದ್ಧತಿ ನಿಲ್ಲಬೇಕೆಂದು ಈ ರಾಜ್ಯದಲ್ಲಿ ನಿಷೇಧ ತಂದರು. ಇಡೀ ದೇಶಕ್ಕೆ ಅಂಥ ಕಾನೂನು ಬಂದದ್ದು 1993ರಲ್ಲಿ. ಅದು ಸಾಲದೆಂದು ಮತ್ತೊಂದು ಕಾನೂನು ಬಂದದ್ದು 2013ರಲ್ಲಿ. ನಮ್ಮವನೊಬ್ಬ ದೆಹಲಿಗಿಂತ ಸುಮಾರು ಇಪ್ಪತ್ತು ವರ್ಷ ಮೊದಲೇ "ಇಳಿಸು ಆ ಬುಟ್ಟೀನ" ಅಂದಿದ್ದ. ಮಳೆಗಾಲದಲ್ಲಿ ಬುಟ್ಟಿಯಿಂದ ಸೋರಿದ್ದು ಮುಖದ ಮೇಲೆ ಇಳಿಯುವಾಗ ಬಾಯಿ ಬಿಗಿಹಿಡಿದು ನಡೆದ ತಾಯಂದಿರ ಅಭಿಪ್ರಾಯವನ್ನು ಯಾವ ಪತ್ರಿಕೆ ಕೇಳಿತು? ಅವರು ಜನ ಅಲ್ಲವೇ? ಅವರದು ಅಭಿಪ್ರಾಯ ಅಲ್ಲವೇ?

ಬುಟ್ಟಿ ಇಳಿಸಿದ್ದಕ್ಕೆ ನಾಡಿನಲ್ಲಿ ಎಷ್ಟು ಮೆರವಣಿಗೆ ಹೊರಟವು? ಒಂದು ಪದಕ್ಕೆ ಊರೂರು ಎದ್ದು ಕೂತಿತು. ಅಚ್ಚಿನ ಮೊಳೆ ಯಾರ ಕೈಯಲ್ಲಿದೆಯೋ ಅವರ ಸಿಟ್ಟು ಜನಾಭಿಪ್ರಾಯವಾಗುತ್ತೆ. ನಮ್ಮ ಸಿಟ್ಟು ಗಲಭೆಯಾಗುತ್ತೆ.

ಹಾಗಂತ ಬಸವಲಿಂಗಪ್ಪನವರನ್ನು ಪ್ರಶ್ನೆ ಮಾಡಬಾರದು ಅಂತ ನಾವು ಹೇಳುತ್ತಿಲ್ಲ. ಮಾತಾಡಿದ್ದು ಮಂತ್ರಿ, ಏಟು ತಿಂದದ್ದು ಹಾಸ್ಟೆಲ್ ಹುಡುಗರು. ಮಂತ್ರಿಗೆ ಪೊಲೀಸ್ ಕಾವಲಿತ್ತು, ಹುಡುಗರಿಗೆ ಬಾಗಿಲ ಚಿಲಕ ಒಂದೇ ಇತ್ತು. ನಾಯಕನಾದವನು ಈ ಲೆಕ್ಕ ಇಡಬೇಕು. ಕನ್ನಡವನ್ನು ಬಿಟ್ಟು ನಡೆಯುವುದಕ್ಕೂ ನಮಗಾಗದು. ಕೇರಿಯ ಕನ್ನಡ ಯಾರಪ್ಪನ ಸೊತ್ತೂ ಅಲ್ಲ. ಆದರೆ ಏಟು ಬಿದ್ದದ್ದು ಬರೀ ಆ ಪದಕ್ಕೆ ಅಂತ ನಂಬುವಷ್ಟು ದಡ್ಡರಾಗೋದು ಬೇಡ. ನಮ್ಮ ಹುಡುಗರು ಕಾಲೇಜಿನ ಬೆಂಚಿನ ಮೇಲೆ ಸರಿಸಮ ಕೂತದ್ದು ಮೊದಲೇ ಕಣ್ಣು ಚುಚ್ಚುತ್ತಿತ್ತು. ಬೂಸಾ ಒಂದು ನೆಪವಾಯಿತು.

ಆ ಏಟು ವ್ಯರ್ಥವಾಗಲಿಲ್ಲ. ಹೊಡೆಸಿಕೊಂಡ ತಲೆಮಾರು ಹಾಸ್ಟೆಲ್ ಕೋಣೆಗಳಲ್ಲೇ ಒಟ್ಟು ಸೇರಿತು. ದಲಿತ ಸಂಘರ್ಷ ಸಮಿತಿ ಕಟ್ಟಿತು. ದೇವನೂರ ಮಹಾದೇವ, ಸಿದ್ಧಲಿಂಗಯ್ಯನವರ ಬರಹದಲ್ಲಿ ಕೇರಿ ತಾನೇ ಬಾಯಿಬಿಟ್ಟಿತು. ಬೂಸಾ ಅಂದದ್ದಕ್ಕೆ ಕನ್ನಡ ಕೊಟ್ಟ ಮರ್ಯಾದೆಯ ಉತ್ತರ ಇದು. ಕಲ್ಲು ತೂರಿದವರು ಕೊಟ್ಟದ್ದು ಉತ್ತರವೇ ಅಲ್ಲ.

ಬಸವಲಿಂಗಪ್ಪ ಮುಂದೆ ಮತ್ತೆ ಮಂತ್ರಿಯಾದರು, 1992ರಲ್ಲಿ ತೀರಿಕೊಂಡರು. ದೇವರ ಪಟಗಳನ್ನು ಚರಂಡಿಗೆ ಎಸೆಯಿರಿ ಅಂದ ಮನುಷ್ಯ ಅವರು. ಅವರ ಪಟಕ್ಕೆ ಹಾರ ಹಾಕಿ ಊದುಬತ್ತಿ ಹಚ್ಚಿ ಕೈಮುಗಿದರೆ ಅವರಿಗೇ ಅವಮಾನ. ಅವರು ಶುರು ಮಾಡಿದ ಕೆಲಸ ಮುಗಿದಿಲ್ಲ. 2010ರಲ್ಲಿ ಸವಣೂರಿನ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತರು. ಅದೂ ಒಂದು ಜನಾಭಿಪ್ರಾಯ. ಬುಟ್ಟಿ ತಲೆಯಿಂದ ಇಳಿದರೂ ಮನುಷ್ಯ ಗುಂಡಿಗೆ ಇಳಿಯೋದು ನಿಂತಿಲ್ಲ. ಮ್ಯಾನ್‌ಹೋಲಿನಲ್ಲಿ ಉಸಿರುಕಟ್ಟಿ ಸಾಯುವವರು ಯಾವ ಕೇರಿಯವರು ಅಂತ ಬಿಡಿಸಿ ಹೇಳಬೇಕೇ?

ಗೆಳೆಯರೇ, ರಜೆಗೆ ಊರಿಗೆ ಹೋಗುತ್ತೀರಿ. ನಿಮ್ಮ ಊರಲ್ಲಿ ಗುಂಡಿಗೆ ಇಳಿಯುವವರು ಯಾರು, ಇಳಿಸುವವರು ಯಾರು, ಕೂಲಿ ಎಷ್ಟು ಅಂತ ಕೇಳಿ. ಬರೆದುಕೊಂಡು ಮುಂದಿನ ಸಭೆಗೆ ತನ್ನಿ, ಈ ಪತ್ರಿಕೆಯಲ್ಲಿ ಹಾಕೋಣ. ಬಸವಲಿಂಗಪ್ಪ ಯಾರು ಅಂತ ಯಾರಾದರೂ ಕೇಳಿದರೆ, ಬೂಸಾ ಅನ್ನುವ ಮೊದಲು ಬುಟ್ಟಿಯ ಕಥೆ ಹೇಳಿ.

ಜೈ ಭೀಮ್.