‘ಸಂಪರ್ಕ ಕಡಿತ’ ಎಂದರೆ ವಿಮಾನ ಬಿತ್ತು ಎಂದರ್ಥವೇ? ಇಲ್ಲಿದೆ ವಿವರ

‘ವಿಮಾನದ ಸಂಪರ್ಕ ಕಡಿತಗೊಂಡಿದೆ, ಎಲ್ಲರಿಗೂ ಕಳಿಸಿ’ ಎಂಬ ಬಗೆಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಓಡಾಡುತ್ತವೆ. ಮನೆಯವರು ಅದೇ ಹೊತ್ತಿಗೆ ವಿಮಾನದಲ್ಲಿದ್ದರೆ, ಓದಿದವರ ಎದೆ ಧಸಕ್ಕೆನ್ನುತ್ತದೆ. ನಿಜಕ್ಕೂ ರೇಡಿಯೋ ಸಂಪರ್ಕ ತಪ್ಪಿದರೆ ಏನಾಗುತ್ತದೆ? ನೋಡೋಣ.

ಸಂಪರ್ಕ ಏಕೆ ತಪ್ಪುತ್ತದೆ?

ಪೈಲಟ್‌ಗಳು ಮತ್ತು ವಾಯು ಸಂಚಾರ ನಿಯಂತ್ರಕರು ಮಾತನಾಡುವುದು ಮುಖ್ಯವಾಗಿ 118ರಿಂದ 137 ಮೆಗಾಹರ್ಟ್ಸ್ ನಡುವಿನ ವಿಎಚ್‌ಎಫ್ ತರಂಗಗಳಲ್ಲಿ. ಈ ತರಂಗಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಗುಡ್ಡವೋ ಭೂಮಿಯ ಉಬ್ಬೋ ಅಡ್ಡ ಬಂದರೆ ಮಾತು ತಲುಪುವುದಿಲ್ಲ.

ಕೂಡ್ಲಿಗಿ, ಕೊಟ್ಟೂರು ಅಥವಾ ಹರಪನಹಳ್ಳಿಯ ಮೇಲೆ 35,000 ಅಡಿ ಎತ್ತರದಲ್ಲಿ ಹಾರುವ ವಿಮಾನಕ್ಕೆ ಸುಮಾರು 400 ಕಿ.ಮೀ. ದೂರದ ಆಂಟೆನಾ ಕೂಡ ಎಟುಕುತ್ತದೆ. ಅಂದರೆ ಬೆಂಗಳೂರಿನವರೆಗೂ ಮಾತು ಮುಟ್ಟಬಲ್ಲದು. ಅದೇ ವಿಮಾನ 1,000 ಅಡಿಗೆ ಇಳಿದರೆ ಈ ದೂರ ಸುಮಾರು 70 ಕಿ.ಮೀ.ಗೆ ಕುಗ್ಗುತ್ತದೆ. ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಲ್ಲಿ ಇಳಿಯುವ ವಿಮಾನದೊಂದಿಗೆ ಮಾತನಾಡಲು ಹತ್ತಿರದಲ್ಲೇ ಆಂಟೆನಾ ಬೇಕಾಗುವುದು ಇದಕ್ಕೇ.

ಇನ್ನೊಂದು ತೊಡಕೂ ಇದೆ. ಒಂದು ತರಂಗಾಂತರದಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತನಾಡಬಹುದು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಕೇಳುವುದು ಕೀರಲು ಶಬ್ದವಷ್ಟೇ. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫೆ ದ್ವೀಪದಲ್ಲಿ ಹೀಗೆಯೇ ಆಯಿತು. ‘ಕಾಯಿರಿ’ ಎಂಬ ಮಾತು, ‘ನಾವಿನ್ನೂ ರನ್‌ವೇ ಮೇಲಿದ್ದೇವೆ’ ಎಂಬ ಮಾತು ಒಂದರ ಮೇಲೊಂದು ಬಿದ್ದವು. ಎರಡು ಜಂಬೊ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು.

ರೇಡಿಯೋ ಪೂರ್ತಿ ಕೆಟ್ಟರೆ?

ಪ್ರಯಾಣಿಕ ವಿಮಾನಗಳಲ್ಲಿ ಒಂದಕ್ಕಿಂತ ಹೆಚ್ಚು ರೇಡಿಯೋಗಳಿರುತ್ತವೆ. ಎಲ್ಲವೂ ಕೈಕೊಟ್ಟರೆ ಪೈಲಟ್ ಟ್ರಾನ್ಸ್‌ಪಾಂಡರ್‌ನಲ್ಲಿ 7600 ಎಂಬ ಸಂಕೇತ ಒತ್ತುತ್ತಾರೆ. ರಾಡಾರ್ ಪರದೆಯ ಮುಂದಿರುವವರಿಗೆ ವಿಷಯ ತಿಳಿಯುತ್ತದೆ. ಅವರು ಉಳಿದ ವಿಮಾನಗಳನ್ನು ದೂರ ಸರಿಸುತ್ತಾರೆ. ಇಂಥ ಹೊತ್ತಿನಲ್ಲಿ ಪೈಲಟ್ ಏನು ಮಾಡಬೇಕೆಂಬ ನಿಯಮಗಳೂ ಮೊದಲೇ ಇವೆ. ನಿಲ್ದಾಣದ ಟವರ್‌ನಿಂದ ದೀಪದ ಸನ್ನೆಯನ್ನೂ ಕೊಡಬಹುದು: ಹಾರಾಟದಲ್ಲಿರುವ ವಿಮಾನಕ್ಕೆ ಸ್ಥಿರ ಹಸಿರು ಬೆಳಕು ಎಂದರೆ ‘ಇಳಿಯಬಹುದು’ ಎಂದರ್ಥ.

ಹಾಗಾದರೆ ಅಪಾಯ ಎಲ್ಲಿದೆ?

ಮಾತು ನಿಂತಾಗಿನಷ್ಟೇ ಅಪಾಯ, ಮಾತು ತಪ್ಪಾಗಿ ತಲುಪಿದಾಗಲೂ ಇದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತರು. ಕಜಕಿಸ್ತಾನದ ವಿಮಾನ 15,000 ಅಡಿಯಲ್ಲೇ ಇರಬೇಕಿತ್ತು, ಆದರೆ ಕೆಳಗಿಳಿದಿತ್ತು.

ನಮ್ಮ ಬೆಂಗಳೂರಿನಲ್ಲೇ 2022ರ ಜನವರಿ 7ರಂದು ಅಕ್ಕಪಕ್ಕದ ರನ್‌ವೇಗಳಿಂದ ಎರಡು ಇಂಡಿಗೋ ವಿಮಾನಗಳು ಬಹುತೇಕ ಒಟ್ಟಿಗೇ ಮೇಲೆದ್ದು ಹತ್ತಿರ ಬಂದವು. ಅಲ್ಲಿ ರೇಡಿಯೋ ಕೆಟ್ಟಿರಲಿಲ್ಲ, ನೆಲದ ಮೇಲಿದ್ದ ನಿಯಂತ್ರಕರ ನಡುವೆ ಸಮನ್ವಯ ತಪ್ಪಿತ್ತು. ರಾಡಾರ್ ನಿಯಂತ್ರಕರು ರೇಡಿಯೋದಲ್ಲೇ ಎಚ್ಚರಿಸಿ ಎರಡನ್ನೂ ಬೇರೆ ದಿಕ್ಕಿಗೆ ತಿರುಗಿಸಿದರು. ಯಾರಿಗೂ ಏನೂ ಆಗಲಿಲ್ಲ.

ಇದಕ್ಕೇ ಪೈಲಟ್‌ಗಳು ಮುಖ್ಯ ಸೂಚನೆಗಳನ್ನು ಕೇಳಿದ ಕೂಡಲೇ ತಿರುಗಿ ಹೇಳಬೇಕು. ತಪ್ಪಿದ್ದರೆ ನಿಯಂತ್ರಕರು ಅಲ್ಲೇ ತಿದ್ದುತ್ತಾರೆ.

ತೀರ್ಮಾನ

ಸಂಪರ್ಕ ತಪ್ಪುವುದು ಗಂಭೀರ ವಿಷಯವೇ, ಆದರೆ ಅಷ್ಟಕ್ಕೇ ವಿಮಾನ ಬಿತ್ತು ಎನ್ನಲಾಗದು. ಕೇಳಿದ್ದನ್ನು ಖಚಿತಪಡಿಸಿಕೊಂಡೇ ಮುಂದುವರಿಯುವುದು ಪೈಲಟ್‌ಗಳ ಪಾಠ. ಫಾರ್ವರ್ಡ್ ಒತ್ತುವ ಮುನ್ನ ನಾವೂ ಅದನ್ನೇ ಪಾಲಿಸೋಣ: ವಿಮಾನ ಸಂಸ್ಥೆ ಅಥವಾ ನಿಲ್ದಾಣದ ಅಧಿಕೃತ ಮಾಹಿತಿ ಬರುವವರೆಗೆ ಕಾಯೋಣ.