ಎರಡು ಕಾಲಿನ ಲೆಕ್ಕ
ಎಡ ಬ್ಯಾಕ್‌ಗೆ ಎಡಗಾಲೊಂದೇ ಸಾಕು, ಬಲಗಾಲು ಊರೋಕಷ್ಟೇ ಎಂದು ವಾದಿಸುವವರಿಗೆ ಆಂಡ್ರಿಯಾಸ್ ಬ್ರೆಮೆ ಗೊತ್ತಿರಲಿಕ್ಕಿಲ್ಲ. ಜರ್ಮನಿಯ ಈ ಡಿಫೆಂಡರ್ 1986ರ ವಿಶ್ವಕಪ್‌ನಲ್ಲಿ ಮೆಕ್ಸಿಕೋ ಎದುರು ಪೆನಾಲ್ಟಿ ಒದ್ದದ್ದು ಎಡಗಾಲಲ್ಲಿ. 1990ರ ಫೈನಲ್‌ನ 85ನೇ ನಿಮಿಷದಲ್ಲಿ ಬಲಗಾಲಲ್ಲಿ ಒದ್ದು ಕಪ್ಪನ್ನೇ ಗೆದ್ದುಕೊಟ್ಟ. ಗೋಲಿ ಯಾವ ಕಡೆ ಹಾರಬೇಕು ಪಾಪ! ಎರಡು ಕಾಲಿದ್ದವನೂ ಒಮ್ಮೊಮ್ಮೆ ಎಡವುತ್ತಾನೆ, ಸೋತ ತಂಡಕ್ಕೂ ಚಪ್ಪಾಳೆ ತಟ್ಟಬೇಕೇ ಎಂಬ ಅಭಿಮಾನಿಗಳ ಜಗಳ ಶುರುವಾಗುವುದೇ ಆಗ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಮಾತು ಕಾಯಕಕ್ಕೆ ಸರಿ, ಚಪ್ಪಾಳೆಗೆ ಹಚ್ಚಬೇಡಿ ಅಂತೀನಿ ನಾನು. 2022–23ರ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಮೊದಲರ್ಧದಲ್ಲಿ ಬೆಂಗಳೂರು ಎಫ್‌ಸಿ ಸೋತು ಸುಣ್ಣವಾಗಿತ್ತು. ತವರಿನ ಕಂಠೀರವ ಕ್ರೀಡಾಂಗಣದ ಅಭಿಮಾನಿಗಳೆಲ್ಲ ಆಗಲೇ ಎದ್ದುಹೋಗಿದ್ದರೆ, ಆಮೇಲೆ ಬಂದ ಸತತ ಎಂಟು ಗೆಲುವುಗಳಿಗೆ ಕೂಗುವವರು ಯಾರು? ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತರು, ಆ ಮಾತು ಬೇರೆ.