ಮೋಟಾರು ಸರಿ ಇತ್ತು, ಬಾಗಿದ್ದು ಹ್ಯಾಂಗರ್

ಆ ಸೈಕಲಿನಲ್ಲಿ ಕೆಟ್ಟಿದ್ದು ಹ್ಯಾಂಗರ್ ಒಂದೇ. ಹಿಂದಿನ ಚಕ್ರದ ಆಕ್ಸಲ್ ಪಕ್ಕದಲ್ಲಿ ಡಿರೇಲರನ್ನು, ಅಂದರೆ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ದಾಟಿಸುವ ಸಾಧನವನ್ನು, ಫ್ರೇಮಿಗೆ ಹಿಡಿದಿಡುವ ಅಲ್ಯೂಮಿನಿಯಂ ತುಂಡು ಅದು. ಹೆಬ್ಬೆರಳಿನಷ್ಟು ದೊಡ್ಡದು. ಅದು ಚಕ್ರದ ಕಡೆಗೆ ತುಸು ಬಾಗಿತ್ತು. ಆದರೆ ಸೈಕಲಿನ ಯಜಮಾನರಿಗೆ ದೊಡ್ಡ ಊರಿನ ಅಂಗಡಿಯೊಂದರಲ್ಲಿ ಹೇಳಿದ್ದು ಬೇರೆಯೇ. ಎಲೆಕ್ಟ್ರಾನಿಕ್ ಡಿರೇಲರ್ ಹೋಗಿದೆ, ರಿಪೇರಿ ಆಗುವುದಿಲ್ಲ, ಹೊಸತೇ ಹಾಕಬೇಕು ಎಂದು. ಖರ್ಚು ಮೂವತ್ತು ಸಾವಿರ ದಾಟುತ್ತಿತ್ತು.

ಯಜಮಾನರು ಬೆಳ್ತಂಗಡಿ ಕಡೆಯ ಡಾಕ್ಟರು. ಭಾನುವಾರ ಬೆಳಗ್ಗೆ ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಿ ಇಳಿಯುವವರು. ಎರಡು ವಾರದಲ್ಲಿ ಅವರಿಗೆ 200 ಕಿ.ಮೀ. ಬ್ರೆವೆ, ಅಂದರೆ ದೂರದ ಸೈಕಲ್ ಸವಾರಿ, ಇತ್ತು. ಅದನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಗೇರ್ ಹಿಡಿಯದ ಸೈಕಲಿನಲ್ಲಿ ಅದು ಆಗುವ ಮಾತಲ್ಲ. ಸೈಕಲನ್ನು ಕಾರಿನಲ್ಲಿ ಹಾಕಿಕೊಂಡು ಬಿ.ಸಿ.ರೋಡಿನ ನನ್ನ ಅಂಗಡಿಗೆ ಬಂದರು.

"ಅಣ್ಣ, ಇದರಲ್ಲಿ ವೈರು, ಬ್ಯಾಟರಿ, ಮೋಟಾರು ಎಲ್ಲ ಉಂಟು. ಇಂಥದ್ದು ಮುಟ್ಟಿದ್ದೀರಾ?"

"ಮೂರು ಮುಟ್ಟಿದ್ದೇನೆ ಡಾಕ್ಟ್ರೆ. ಮೊದಲು ಡಿರೇಲರ್ ಬಿಚ್ಚುವ, ಮತ್ತೆ ಮಾತಾಡುವ."

ನಾನು ಸೈಕಲ್ ಮೆಕ್ಯಾನಿಕ್. ಅಪ್ಪನೂ ಇದೇ ಕೆಲಸದವರು. ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಿದ್ದರು. ಪಾಣೆಮಂಗಳೂರಿಗೆ, ಮೆಲ್ಕಾರಿಗೆ, ಬಂಟ್ವಾಳ ಪೇಟೆಗೆ ಹೋಗಿಬರುವವರು ಚೀಟಿ ಬರೆಸಿ ಒಯ್ಯುತ್ತಿದ್ದರು. ತೊಂಬತ್ತರ ದಶಕದಲ್ಲಿ ಗೇರ್ ಸೈಕಲ್ ಬಂದಾಗ ಅಪ್ಪ ಅವನ್ನು ತೆಗೆದುಕೊಳ್ಳದೆ ಮಂಗಳೂರಿಗೆ ಕಳಿಸುತ್ತಿದ್ದರು. ಅದರಲ್ಲಿ ಕಷ್ಟದ್ದೇನೂ ಇಲ್ಲ ಎಂದು ಗೊತ್ತಾಗುವ ಹೊತ್ತಿಗೆ ಆ ಗಿರಾಕಿಗಳು ಬೇರೆ ಕಡೆ ಹೋಗಿ ಅಲ್ಲೇ ಉಳಿದಿದ್ದರು. ಈಗ ಎಲೆಕ್ಟ್ರಾನಿಕ್ ಗೇರಿನ ಹೊತ್ತಿಗೆ ನಮ್ಮ ಕಸುಬಿನವರು ಅದೇ ತಪ್ಪು ಮಾಡುತ್ತಿದ್ದೇವೆ. ಈ ಲೇಖನ ಬರೆಯಲು ಕಾರಣವೇ ಅದು.

ಈ ಯಂತ್ರ ಬಂದ ದಾರಿಯನ್ನು ಸ್ವಲ್ಪ ಹೇಳುತ್ತೇನೆ. ಫ್ರಾನ್ಸಿನ ಮಾವಿಕ್ ಕಂಪನಿ 1990ರ ದಶಕದಲ್ಲೇ ವಿದ್ಯುತ್ತಿನಿಂದ ಗೇರ್ ಬದಲಿಸುವ ಪ್ರಯತ್ನ ಮಾಡಿತ್ತು. ಅದು ಬಾಳಲಿಲ್ಲ. 2009ರಲ್ಲಿ ಜಪಾನಿನ ಶಿಮಾನೊ ತನ್ನ ಅತಿ ದುಬಾರಿ ಡ್ಯುರಾ-ಏಸ್ ಸರಣಿಯಲ್ಲಿ ಡಿಐ2 ಎಂಬ ಎಲೆಕ್ಟ್ರಾನಿಕ್ ಗೇರ್ ತಂದಿತು. 2011ರಲ್ಲಿ ಅದು ಒಂದು ಮೆಟ್ಟಿಲು ಕೆಳಗಿನ ಅಲ್ಟೆಗ್ರಾಕ್ಕೆ ಇಳಿಯಿತು. 2015ರಲ್ಲಿ ಅಮೆರಿಕದ ಸ್ರ್ಯಾಮ್ ವೈರೇ ಇಲ್ಲದ್ದನ್ನು ಪ್ರಕಟಿಸಿತು. 2022ರಲ್ಲಿ ಶಿಮಾನೊದ 105 ಸರಣಿಗೂ ಡಿಐ2 ಬಂತು. ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತಿರುವ ಈ ಸಾಮಾನು ಈಗ ಸೆಕೆಂಡ್ ಹ್ಯಾಂಡ್ ಆಗಿ ಬೆಂಗಳೂರಿನಿಂದ ನಮ್ಮ ತಾಲೂಕುಗಳಿಗೂ ಬರುತ್ತಿದೆ. ಡಾಕ್ಟರ ಸೈಕಲೂ ಹಾಗೆ ಬಂದದ್ದೇ. ಹನ್ನೊಂದು ಗೇರಿನ ಅಲ್ಟೆಗ್ರಾ ಡಿಐ2.

ನಮ್ಮ ಮಳೆಗೆ ಇದು ಹೊಂದುವ ಯಂತ್ರ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೇಬಲ್ ಗೇರಿನ ಸೈಕಲ್ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹೊರಕವಚದೊಳಗೆ ನೀರು, ಕೆಸರು ಸೇರಿ ಕೇಬಲ್ ತುಕ್ಕು ಹಿಡಿಯುತ್ತದೆ, ಬಿಗಿಯುತ್ತದೆ. ಆಷಾಢದಲ್ಲಿ ಸರಿ ಮಾಡಿದ್ದು ಶ್ರಾವಣದಲ್ಲಿ ತಪ್ಪುತ್ತದೆ. ಎಲೆಕ್ಟ್ರಾನಿಕ್ ಗೇರಿಗೆ ಕೇಬಲ್ಲೇ ಇಲ್ಲ. ಒಮ್ಮೆ ಸರಿಯಾಗಿ ಕೂರಿಸಿದರೆ ತಿಂಗಳುಗಟ್ಟಲೆ ಕದಲುವುದಿಲ್ಲ. ಹಾಗಾಗಿ ಅದು ತಪ್ಪಿದರೆ ಮೊದಲು ಸಂಶಯ ಪಡಬೇಕಾದ್ದು ಲೋಹದ ಮೇಲೆ. ಹ್ಯಾಂಗರ್, ಚೈನು, ಚಕ್ರ ಕೂತಿರುವ ರೀತಿ ನೋಡಿ ಮುಗಿಸಿದ ಮೇಲೆ ಮೋಟಾರಿನ ಕಡೆ ತಿರುಗಿದರೆ ಸಾಕು.

ಹ್ಯಾಂಗರ್ ಬಾಗುವಂತೆಯೇ ಮಾಡಿರುತ್ತಾರೆ. ಸೈಕಲ್ ಬಲಗಡೆಗೆ ಬಿದ್ದರೆ ಈ ಮೆದು ತುಂಡು ಬಾಗಿ, ದುಬಾರಿ ಡಿರೇಲರನ್ನೂ ಫ್ರೇಮನ್ನೂ ಉಳಿಸಬೇಕು ಎನ್ನುವ ಲೆಕ್ಕ. ಓಡಿಸುವಾಗಲೇ ಬೀಳಬೇಕೆಂದಿಲ್ಲ. ಕಾರಿನ ಡಿಕ್ಕಿಯಲ್ಲಿ ಬಲ ಮಗ್ಗುಲಿಗೆ ಮಲಗಿಸಿದರೂ ಸಾಕು, ಮುರಕಲ್ಲಿನ ಗೋಡೆಗೆ ಒರಗಿಸಿಟ್ಟದ್ದು ಜಾರಿದರೂ ಸಾಕು. ಅಕ್ಕಪಕ್ಕದ ಎರಡು ಹಲ್ಲುಗಾಲಿಗಳ, ಅಂದರೆ ಸ್ಪ್ರಾಕೆಟ್‌ಗಳ ನಡುವಿನ ದೂರ ನಾಲ್ಕು ಮಿಲಿಮೀಟರೂ ಇರುವುದಿಲ್ಲ. ಕಣ್ಣಿಗೆ ಕಾಣದಷ್ಟು ಬಾಗಿದರೂ ಚೈನು ತಪ್ಪು ಹಲ್ಲಿಗೆ ಉಜ್ಜುತ್ತದೆ.

ಬಾಗಿದ್ದು ತಿಳಿಯಲು ಗೇಜ್ ಇದೆ, ನನ್ನ ಹತ್ತಿರ ಇಲ್ಲ. ನನ್ನಲ್ಲಿರುವುದು ಹಳೇ ಗೇರ್ ಸೈಕಲಿನ ಒಂದು ಹಿಂಚಕ್ರ. ಅದರ ಆಕ್ಸಲ್ ಹತ್ತು ಮಿಲಿಮೀಟರ್ ದಪ್ಪ, ಥ್ರೆಡ್ ಒಂದು ಮಿಲಿಮೀಟರ್ ಪಿಚ್. ಹೆಚ್ಚಿನ ಹ್ಯಾಂಗರುಗಳ ತೂತಿನ ಥ್ರೆಡ್ಡೂ ಅದೇ ಅಳತೆಯದ್ದು. ಡಾಕ್ಟರ ಸೈಕಲಿನ ಡಿರೇಲರನ್ನು ಐದರ ಅಲನ್ ಕೀಯಲ್ಲಿ ಬಿಚ್ಚಿ, ವೈರು ಎಳೆಯದ ಹಾಗೆ ಪಕ್ಕಕ್ಕೆ ಕಟ್ಟಿ, ಆ ಹಳೇ ಚಕ್ರವನ್ನು ಹ್ಯಾಂಗರಿಗೇ ತಿರುಗಿಸಿ ಕೂರಿಸಿದೆ. ಈಗ ಎರಡು ಚಕ್ರ ಅಕ್ಕಪಕ್ಕ ನಿಂತವು. ಹ್ಯಾಂಗರ್ ನೇರ ಇದ್ದರೆ ಎರಡು ರಿಮ್ಮುಗಳ ನಡುವಿನ ಅಂತರ ಮೇಲೆ, ಕೆಳಗೆ, ಹಿಂದೆ, ಮುಂದೆ ಎಲ್ಲ ಕಡೆ ಒಂದೇ ಬರಬೇಕು. ನಾಲ್ಕು ಮಿಲಿಮೀಟರಿನೊಳಗಿನ ವ್ಯತ್ಯಾಸ ನಡೆಯುತ್ತದೆ. ಸ್ಟೀಲ್ ಸ್ಕೇಲಿನಲ್ಲಿ ಅಳೆದರೆ ಮೇಲಕ್ಕೂ ಕೆಳಕ್ಕೂ ಹದಿನಾರು ಮಿಲಿಮೀಟರ್ ವ್ಯತ್ಯಾಸ. ಡಾಕ್ಟರ ಕೈಗೇ ಸ್ಕೇಲ್ ಕೊಟ್ಟೆ. ಎರಡು ಸಲ ಅಳೆದು ನೋಡಿದರು, ಏನೂ ಹೇಳಲಿಲ್ಲ.

ಆ ಚಕ್ರವನ್ನೇ ಹಿಡಿಕೆಯ ಹಾಗೆ ಹಿಡಿದು, ಸ್ವಲ್ಪ ಸ್ವಲ್ಪವೇ ಒತ್ತಿ, ಅಳೆದು, ಮತ್ತೆ ಒತ್ತಿ ನೇರ ಮಾಡಿದೆ. ಅರ್ಧ ಗಂಟೆ ಹಿಡಿಯಿತು. ಇದಕ್ಕೆ ಅವಸರ ಕೂಡದು. ಒಂದು ಸಲ ನೇರ ಮಾಡಿದ ಅಲ್ಯೂಮಿನಿಯಂ ಮತ್ತೊಂದು ಸಲಕ್ಕೆ ದುರ್ಬಲ. ಆದ್ದರಿಂದ ಹೊಸ ಹ್ಯಾಂಗರ್ ತರಿಸಿ ಇಟ್ಟುಕೊಳ್ಳಿ ಎಂದು ಅವತ್ತೇ ಹೇಳಿದೆ.

ಆಮೇಲೆ ಚೈನು. ಹೊಸ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಇನ್ನೊಂದರ ನಡುವಿಗೆ ಹನ್ನೆರಡು ಇಂಚು ಅಳೆದರೆ ಕರಾರುವಾಕ್ಕಾಗಿ ಹನ್ನೆರಡೇ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚು ಬಂದರೆ ಚೈನು ಸವೆದಿದೆ, ಬದಲಿಸಬೇಕು. ಹೆದ್ದಾರಿ ಅಗಲ ಮಾಡಿದ ಇಷ್ಟು ವರ್ಷ ಬಿ.ಸಿ.ರೋಡಿನಿಂದ ಕಲ್ಲಡ್ಕ, ಮಾಣಿಯ ತನಕ ಓಡಿದ ಸೈಕಲುಗಳ ಚೈನು ನಾನು ಕಂಡಿದ್ದೇನೆ. ಕೆಂಪು ಮಣ್ಣು, ಜಲ್ಲಿ ಪುಡಿ, ಎಣ್ಣೆ ಮೂರೂ ಸೇರಿ ಚೈನನ್ನು ಅರೆಯುವ ಲೇಪವಾಗಿರುತ್ತದೆ. ಡಾಕ್ಟರ ಚೈನು ಸವೆದಿರಲಿಲ್ಲ. ಡಿರೇಲರಿನ ಎರಡು ಪುಲ್ಲಿಗಳಲ್ಲಿ ಮಾತ್ರ ಕಪ್ಪು ಮಡ್ಡಿ ಕಟ್ಟಿತ್ತು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದೆ.

ಅಷ್ಟಾದ ಮೇಲೆ ವಿದ್ಯುತ್ತಿನ ಕಡೆ ಬಂದೆ. ಹ್ಯಾಂಡಲ್ ತುದಿಯಲ್ಲಿರುವ ಗುಂಡಿಯನ್ನು ಕೆಂಪು ದೀಪ ಹೊತ್ತುವ ತನಕ ಒತ್ತಿ ಹಿಡಿದರೆ ಹೊಂದಾಣಿಕೆಯ ಸ್ಥಿತಿ ಬರುತ್ತದೆ. ಆಗ ಗೇರಿನ ಗುಂಡಿ ಒತ್ತಿದರೆ ಗೇರ್ ಬದಲಾಗುವುದಿಲ್ಲ, ಡಿರೇಲರ್ ಕೂದಲೆಳೆಯಷ್ಟು ಸರಿಯುತ್ತದೆ. ಇಂಥ ಹಂತಗಳು ಮೂವತ್ತು ಚಿಲ್ಲರೆ ಇವೆ. ಚೈನನ್ನು ಐದನೇ ಸ್ಪ್ರಾಕೆಟ್ಟಿನಲ್ಲಿಟ್ಟು ಪೆಡಲ್ ತಿರುಗಿಸುತ್ತಾ ಒಂದೊಂದೇ ಹಂತ ಒಳಕ್ಕೆ ತರಬೇಕು. ಪಕ್ಕದ ದೊಡ್ಡ ಸ್ಪ್ರಾಕೆಟ್ಟಿಗೆ ಚೈನು ತಾಗಿ ಸಣ್ಣಗೆ ಚಿರ್ ಎನ್ನುತ್ತದೆ. ಅಲ್ಲಿಂದ ನಾಲ್ಕು ಹಂತ ಹೊರಕ್ಕೆ. ಕಂಪನಿಯ ಕೈಪಿಡಿಯಲ್ಲಿರುವುದೂ ಇದೇ. ಆದರೆ ಆ 'ಚಿರ್' ಎಲ್ಲಿ ಸುರುವಾಯಿತು ಎಂದು ಹೇಳಬೇಕಾದ್ದು ಕಿವಿ. ಯಕ್ಷಗಾನದ ಆಟಕ್ಕೆ ಮೊದಲು ಚೌಕಿಯಲ್ಲಿ ಕೂತು ಮದ್ದಳೆಯನ್ನು ಶ್ರುತಿಗೆ ತರುವವರನ್ನು ನೋಡಿದವರಿಗೆ ಈ ಕೆಲಸದ ಜಾತಿ ಯಾವುದೆಂದು ಅರ್ಥವಾದೀತು. ಅಂಗಡಿಯ ಶಟರ್ ಅರ್ಧ ಎಳೆದು, ಹೆದ್ದಾರಿಯ ಸದ್ದು ತಗ್ಗಿಸಿ ನಾನು ಇದನ್ನು ಮಾಡುತ್ತೇನೆ.

ಡಿರೇಲರಿನ ಓಟಕ್ಕೆ ಮಿತಿ ಹಾಕುವ ಲಿಮಿಟ್ ಸ್ಕ್ರೂಗಳ ಬಗ್ಗೆ ನಮ್ಮ ಹುಡುಗರಿಗೆ ಒಂದು ಮಾತು. ಕೇಬಲ್ ಗೇರಿನ ಅಭ್ಯಾಸದಲ್ಲಿ ಅದನ್ನು ಬಿಗಿದು ಗೇರ್ ಸರಿ ಮಾಡಲು ಹೋಗಬೇಡಿ. ಇಲ್ಲಿ ಅದು ಕೊನೆಯ ತಡೆ ಮಾತ್ರ. ವಿಪರೀತ ಬಿಗಿದರೆ ಮೋಟಾರು ತನ್ನ ಜಾಗಕ್ಕೆ ತಲುಪಲಾರದೆ ಒತ್ತುತ್ತಲೇ ಇರುತ್ತದೆ, ಬ್ಯಾಟರಿ ಬೇಗ ಖಾಲಿ. ಇನ್ನೊಂದು ವಿಷಯವೂ ತಿಳಿದಿರಲಿ. ಸೈಕಲ್ ಜೋರಾಗಿ ಬಿದ್ದರೆ ಡಿಐ2 ತನ್ನ ಮೋಟಾರಿಗೂ ತೋಳಿಗೂ ಇರುವ ಸಂಬಂಧವನ್ನು ತಾನೇ ಕಳಚಿಕೊಳ್ಳುತ್ತದೆ. ಮೋಟಾರು ಮುರಿಯದಿರಲಿ ಎಂದು ಮಾಡಿದ ಏರ್ಪಾಡು ಅದು. ನೋಡುವವರಿಗೆ ಗೇರ್ ಸತ್ತಂತೆ ಕಾಣುತ್ತದೆ. ಅದೇ ಗುಂಡಿಯನ್ನು ಐದು ಸೆಕೆಂಡಿಗೂ ಹೆಚ್ಚು ಹೊತ್ತು ಒತ್ತಿ ಹಿಡಿದು ಪೆಡಲ್ ತಿರುಗಿಸಿದರೆ ಮತ್ತೆ ಕೂಡಿಕೊಳ್ಳುತ್ತದೆ. ಬ್ಯಾಟರಿ ಇಳಿದಾಗಲೂ ಹಾಗೆ. ಮೊದಲು ಮುಂದಿನ ಗೇರ್ ನಿಲ್ಲುತ್ತದೆ, ಹಿಂದಿನದು ಇನ್ನೂ ಸ್ವಲ್ಪ ದೂರ ನಡೆಯುತ್ತದೆ. ಇಷ್ಟು ಗೊತ್ತಿಲ್ಲದೆ ಎಷ್ಟು ಡಿರೇಲರುಗಳು 'ಹೋಗಿದೆ' ಎನಿಸಿಕೊಂಡವೋ ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಸಂಜೆ ಡಾಕ್ಟರು ಸೈಕಲ್ ಹತ್ತಿ ಕೈಕಂಬದ ತನಕ ಹೋಗಿ ಬಂದರು. ಹನ್ನೊಂದು ಗೇರೂ ಬಿದ್ದವು. ನಾನು ತೆಗೆದುಕೊಂಡದ್ದು ನಾನೂರು ರೂಪಾಯಿ. ಬ್ರೆವೆಯನ್ನು ಅದೇ ಡಿರೇಲರಿನಲ್ಲಿ ಮುಗಿಸಿದರು.

ಮೂವತ್ತು ಸಾವಿರ ಹೇಳಿದ ಅಂಗಡಿಯವರು ಮೋಸಗಾರರು ಎಂದು ನಾನು ಹೇಳುವುದಿಲ್ಲ. ಸೈಕಲನ್ನು ಸ್ಟ್ಯಾಂಡಿಗೆ ಏರಿಸಿ, ಗೇರ್ ಬೀಳುವುದಿಲ್ಲ ಎಂದು ಕಂಡು, ವೈರು ಇರುವುದರಿಂದ ದೋಷ ವೈರಿನೊಳಗೇ ಎಂದು ತೀರ್ಮಾನಿಸಿರಬೇಕು. ಹ್ಯಾಂಗರ್ ಅಳೆಯಲಿಲ್ಲ. ನನ್ನ ಸಿಟ್ಟು ಇರುವುದು ಆ ಅಳೆಯದೆ ಹೇಳುವ ಅಭ್ಯಾಸದ ಮೇಲೆ. ಟಿವಿ, ಮಿಕ್ಸಿ, ಫ್ರಿಜ್ ಎಲ್ಲದರಲ್ಲೂ ಬೋರ್ಡು ಹೋಗಿದೆ ಎಂಬ ಒಂದೇ ಉತ್ತರ ಕೇಳಿ ಕೇಳಿ ಜನ ಸೋತಿದ್ದಾರೆ. ಸೈಕಲಿಗೂ ಆ ರೋಗ ಬಂದರೆ ಬಡವರ ವಾಹನಕ್ಕೆ ಉಳಿಯುವುದೇನು?

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಎಂದು ನಾಲ್ಕು ವಲಯಗಳನ್ನು ಗುರುತಿಸಿತು. ಬಿಡಿಭಾಗ ಸಿಗಬೇಕು, ಕೈಪಿಡಿ ಸಿಗಬೇಕು, ಹೊರಗಿನ ಮೆಕ್ಯಾನಿಕ್ ಮುಟ್ಟಬಹುದು ಎನ್ನುವುದೇ ಅದರ ಸಾರ. ಸೈಕಲಿನವರಿಗೂ ಬೇಕಾದ್ದು ಇದೇ. ಕೈಪಿಡಿಯನ್ನು ಶಿಮಾನೊ ಎಲ್ಲರಿಗೂ ಪುಕ್ಕಟೆ ಇಂಟರ್ನೆಟ್ಟಿನಲ್ಲಿ ಹಾಕಿದೆ, ನಾನು ಕಲಿತದ್ದೂ ಅದರಿಂದಲೇ. ಕನ್ನಡದಲ್ಲಿಲ್ಲ, ಆದರೆ ಚಿತ್ರ ನೋಡಿ ಅರ್ಥವಾಗುತ್ತದೆ. ಸಿಗದಿರುವುದು ಹ್ಯಾಂಗರ್. ಒಂದೊಂದು ಫ್ರೇಮಿಗೆ ಒಂದೊಂದು ಆಕಾರ. ಸಾವಿರ ರೂಪಾಯಿ ಆಸುಪಾಸಿನ ತುಂಡಿಗಾಗಿ ಲಕ್ಷದ ಸೈಕಲ್ ತಿಂಗಳುಗಟ್ಟಲೆ ಮೂಲೆಯಲ್ಲಿ ನಿಲ್ಲುತ್ತದೆ. ಸೈಕಲ್ ಮಾರುವವರು ಪ್ರತಿ ಸೈಕಲಿನ ಜೊತೆ ಒಂದು ಹ್ಯಾಂಗರ್ ಕಡ್ಡಾಯವಾಗಿ ಕೊಡಬೇಕು. ಕೊಟ್ಟರೆ ಅವರಿಗೆ ದೊಡ್ಡ ನಷ್ಟವಿಲ್ಲ.

ನಮ್ಮ ಜಿಲ್ಲೆಯ ಐಟಿಐಗಳಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಕಲಿತು ಬರುವ ಮಕ್ಕಳ ಕೈ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಫೈಲು ಹಿಡಿಯಲು ಬರುತ್ತದೆ, ಮೀಟರ್ ನೋಡಲು ಬರುತ್ತದೆ. ಒಂದು ವಾರದ ತರಬೇತಿ ಕೊಟ್ಟರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ತಲಾ ಇಬ್ಬರು ಸಿದ್ಧರಾಗುತ್ತಾರೆ. ಕಲಿಸಲು ನಾನು ಬರುತ್ತೇನೆ, ಹಣ ಬೇಡ. ಸಿದ್ಧಕಟ್ಟೆ ಕಡೆಯ ಒಬ್ಬ ಹುಡುಗ ಈಗ ಶನಿವಾರ ಶನಿವಾರ ನನ್ನ ಅಂಗಡಿಗೆ ಬಂದು ಕಲಿಯುತ್ತಿದ್ದಾನೆ. ಹಳೇ ಚಕ್ರ ತಿರುಗಿಸಿ ಹ್ಯಾಂಗರ್ ಅಳೆಯುವುದನ್ನು ಎರಡನೇ ವಾರಕ್ಕೇ ಹಿಡಿದ. ಕಿವಿ ಇನ್ನೂ ಪಳಗಬೇಕು.

ಸೈಕಲ್ ಇಟ್ಟುಕೊಂಡವರು ಇಷ್ಟು ಮಾಡಿ. ಬೈಕಿಗೆ ಮಾಡಿಸುವ ಹಾಗೆ ವಾಟರ್ ಸರ್ವಿಸಿನ ಪೈಪಿನಡಿ ಸೈಕಲ್ ಹಿಡಿಯಬೇಡಿ. ಮಳೆ ತಡೆಯುವ ಸಾಮಾನು ಆ ಒತ್ತಡದ ನೀರನ್ನು ತಡೆಯಲಾರದು. ಬಕೆಟ್ಟು, ಬಟ್ಟೆ ಸಾಕು. ಕಾರಿನಲ್ಲಿ ಹಾಕುವಾಗ ಡಿರೇಲರ್ ಮೇಲ್ಮುಖವಾಗಿರಲಿ. ಯಾರಾದರೂ ಡಿರೇಲರ್ ಹೋಗಿದೆ ಎಂದರೆ ಹ್ಯಾಂಗರ್ ಅಳೆದಿರಾ ಎಂದು ಕೇಳಿ. ಅಳೆದಿಲ್ಲ ಎಂದರೆ ದುಡ್ಡು ಕೊಡಬೇಡಿ, ಸೈಕಲ್ ವಾಪಸ್ ತನ್ನಿ. ನಿಮ್ಮ ಫ್ರೇಮಿನ ಹ್ಯಾಂಗರ್ ನಂಬರ್ ಯಾವುದೆಂದು ಇವತ್ತೇ ನೋಡಿ, ಒಂದನ್ನು ತರಿಸಿ, ಸೀಟಿನಡಿಯ ಚೀಲದಲ್ಲಿ ಪಂಕ್ಚರ್ ಸಾಮಾನಿನ ಜೊತೆ ಇಟ್ಟುಕೊಳ್ಳಿ.